ಕಟ್ಟು ಬಸಿದ ಮೇಲೆ ಉಳಿದ ಬೇಳೆ

ಇದು ಆಗುವ ಮಾತಲ್ಲ ಎಂದು ಮೊದಲು ಹೇಳಿದವಳು ನನ್ನ ಸೋದರತ್ತೆ. ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡು ನಾನು ಗೋವಾದ ಝುವಾರಿನಗರದ ನಮ್ಮ ಮನೆಗೆ ಬಂದ ವಾರವೇ ಅವಳು ಅಂಟಿನ ಉಂಡಿಯ ಡಬ್ಬಿ ಹಿಡಿದುಕೊಂಡು ನೋಡಲು ಬಂದಳು. ಹೊಸ್ತಿಲು ದಾಟುವ ಮೊದಲೇ ಬಾಯಿ ಶುರುವಾಯಿತು.

“ಹೊಟ್ಟಿ ಕತ್ತರಿಸಿಕೊಂಡಾಳ. ತತ್ತಿ ತಿನ್ನಾಂಗಿಲ್ಲ, ಮೀನಾ ತಿನ್ನಾಂಗಿಲ್ಲ. ಬರೇ ಬ್ಯಾಳಿ ಉಂಡು ಮತ್ತ ಕಾರ್ಖಾನ್ಯಾಗ ದಿನಾ ಪೂರ್ತಿ ನಿಂದರ್ತಾಳಂತ! ಆಗಾಂಗಿಲ್ಲ ಬಿಡ್ರಿ, ನನ್ನ ಮಾತ ನೆನಪಿಟ್ಟುಕೋರ್ರಿ.”

“ಬಾ, ಒಳಗರ ಬಾ ಮೊದಲ,” ಎಂದಳು ಅವ್ವ.

ಆಸ್ಪತ್ರೆಯ ಆಹಾರತಜ್ಞೆಗೂ ಅದೇ ಅನುಮಾನವಿತ್ತು. ಅವಳು ನಗುತ್ತ ಹೇಳಿದ್ದಳು ಅಷ್ಟೇ. ಮಡಗಾಂವ್ ಕಡೆಯ ಹುಡುಗಿ, ನನಗಿಂತ ಚಿಕ್ಕವಳು, ಹೆಂಗಸರನ್ನೆಲ್ಲ ಬಾಯ್ ಎಂದೇ ಕರೆಯುವವಳು. ದಿನಕ್ಕೆ ಅರವತ್ತು ಗ್ರಾಂ ಪ್ರೋಟೀನ್ ಹೊಟ್ಟೆ ಸೇರಲೇಬೇಕು, ಉಳಿದಿರುವ ಹೊಟ್ಟೆಯೋ ಬಾಳೆಹಣ್ಣಿನಷ್ಟು, ಅದರಲ್ಲಿ ಕಂಡದ್ದನ್ನೆಲ್ಲ ತುಂಬಲು ಜಾಗವಿಲ್ಲ ಎಂದು ತಿಳಿಸಿ ಹೇಳಿದ ಮೇಲೆ ಕೇಳಿದಳು: “ಗೋವಾದಲ್ಲಿದ್ದುಕೊಂಡು ಮೀನು ಬೇಡ, ಮೊಟ್ಟೆಯೂ ಬೇಡ ಅಂದರೆ ನಾನು ಎಲ್ಲಿಂದ ತರಲಿ ಬಾಯ್, ನೀನೇ ಹೇಳು.”

ನಮ್ಮದು ಕೊರಳಲ್ಲಿ ಲಿಂಗ ಕಟ್ಟಿದ ಮನೆ. ಬೀದಿಯ ಆ ತುದಿಯಿಂದ ಮೀನು ಮಾರುವವಳ ಕೂಗು ಕೇಳಿಸಿದರೆ ಅವ್ವ ಕಿಟಕಿ ಮುಚ್ಚುವವಳು. ಹಾಗಂತ ಮೊಂಡುಹಟದವಳಲ್ಲ. “ನಿನ್ನ ಜೀವಕ್ಕ ಬೇಕಂದ್ರ ಹೊರಗ ಎಲ್ಲೆರ ತತ್ತಿ ತಿಂದು ಬಾ, ನಾ ಕೇಳಾಂಗಿಲ್ಲ,” ಎಂದು ಒಮ್ಮೆ ತಾನಾಗಿ ಹೇಳಿದಳು. ನನಗೇ ಮನಸ್ಸು ಬರಲಿಲ್ಲ. ದೇವರ ಭಯ ಅಂತೇನೂ ಅಲ್ಲ. ಹುಟ್ಟಿದಾಗಿನಿಂದ ತಿನ್ನದ್ದು ಈಗ ಬಾಯಿಗೆ ಹೋಗುವುದಿಲ್ಲ, ಅಷ್ಟೇ.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಅಪ್ಪ ವಿಜಯಪುರದ ಕಡೆಯಿಂದ ಬಂದು ವಾಸ್ಕೋ ಬಂದರಿನಲ್ಲಿ ಮೂಟೆ ಹೊತ್ತವನು. ನಾನು ಕಾಲೇಜಿನಲ್ಲಿದ್ದಾಗಲೇ ತೀರಿಕೊಂಡ. ಅವ್ವ ಈಗಲೂ ಗಾರೆ ಕೆಲಸಕ್ಕೆ ಹೋಗುತ್ತಾಳೆ. ಕನ್ನಡ ಶಾಲೆ, ಆಮೇಲೆ ಒಂದಕ್ಷರ ತಿಳಿಯದ ಇಂಗ್ಲಿಷ್ ಹೈಸ್ಕೂಲು, ಆಮೇಲೆ ರಸಾಯನಶಾಸ್ತ್ರದ ಬಿಎಸ್ಸಿ. ಒಂದು ವಿಷಯ ಎರಡು ಸಲ ಹೋಯಿತು, ಮೂರನೇ ಸಲ ಬಂತು. ಆ ಡಿಗ್ರಿಯ ಮೇಲೆ ಕೊರ್ಲಿಮ್ ಕೈಗಾರಿಕಾ ಎಸ್ಟೇಟಿನ ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಬಿಳಿ ಕೋಟು ಹಾಕಿಕೊಂಡು ಮೊದಲ ದಿನ ತೆಗೆಸಿದ ಫೋಟೋವನ್ನು ಅವ್ವ ಅಪ್ಪನ ಫೋಟೋದ ಪಕ್ಕದಲ್ಲೇ ತೂಗುಹಾಕಿದಳು. “ಬದುಕಿದ್ದವ್ರ ಫೋಟೋಕ್ಕ ಮಾಲಿ ಹಾಕಬ್ಯಾಡ ಮತ್ತ,” ಎಂದು ತಮ್ಮ ನಕ್ಕ.

ಆದರೆ ಪ್ರಯೋಗಾಲಯದ ಕೆಲಸ ನಿಂತು ಮಾಡುವ ಕೆಲಸ. ನಾನು ಮೊದಲಿನಿಂದಲೂ ದಪ್ಪ. ಮೂವತ್ತು ದಾಟುವಷ್ಟರಲ್ಲಿ ಸಕ್ಕರೆ ಕಾಯಿಲೆ ಬಂತು, ಮಂಡಿ ಹಿಡಿದುಕೊಂಡವು, ಎರಡು ಬಸ್ಸು ಬದಲಿಸಿ ಕೊರ್ಲಿಮ್ ಮುಟ್ಟುವಷ್ಟರಲ್ಲಿ ಉಸಿರು ಬಾಯಿಗೆ ಬರುತ್ತಿತ್ತು. ಕೂಲಿಕಾರರ ಮನೆಯಲ್ಲಿ ದಪ್ಪಗೆ ಹುಟ್ಟಿದವರ ಕಷ್ಟ ಯಾರಿಗೂ ಹೇಳಿಕೊಳ್ಳುವಂಥದ್ದಲ್ಲ. ಎಲ್ಲರ ಪಾಲೂ ಇವಳೇ ಉಂಡಿರಬೇಕು ಎನ್ನುವ ಹಾಗೆ ನೋಡುತ್ತಾರೆ. ಪಥ್ಯ ಮಾಡಿದೆ, ನಡೆದೆ, ಇಳಿದೆ, ಮತ್ತೆ ಏರಿದೆ. ಕೊನೆಗೆ ದೊಡ್ಡ ಆಸ್ಪತ್ರೆಯ ಡಾಕ್ಟರು ಆಪರೇಷನ್ ಒಳ್ಳೆಯದು ಎಂದರು. ಮಾಡಿಸಿಕೊಂಡೆ. ಕಾರ್ಖಾನೆಯವರು ರಜೆ ಕೊಟ್ಟರು. ಒಂದೇ ಮಾತು: ವಾಪಸು ಬರುವಾಗ ಕಂಪನಿಯ ಡಾಕ್ಟರರಿಂದ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕು, ಅದೂ ವರ್ಷದ ಕಾಂಟ್ರಾಕ್ಟ್ ಮುಗಿಯುವ ಮೊದಲು. ಇಲ್ಲವಾದರೆ ಆ ಜಾಗಕ್ಕೆ ಇನ್ನೊಬ್ಬರನ್ನು ತೆಗೆದುಕೊಳ್ಳುತ್ತಾರೆ. ನಮ್ಮ ಲ್ಯಾಬಿನ ಮುಖ್ಯಸ್ಥೆ ಇದನ್ನು ಮುಚ್ಚುಮರೆಯಿಲ್ಲದೆ, ಆದರೆ ಪ್ರೀತಿಯಿಂದಲೇ ಹೇಳಿದಳು. ನಾನು ಆ ಕೆಲಸ ಕಳೆದುಕೊಳ್ಳಲು ತಯಾರಿರಲಿಲ್ಲ.

ಅವ್ವ ನನ್ನನ್ನು ನೋಡಿಕೊಳ್ಳಲು ಗಾರೆ ಕೆಲಸ ಬಿಟ್ಟು ಮನೆಯಲ್ಲಿ ಕುಳಿತಳು. ಹೊಟ್ಟೆಯ ಆಪರೇಷನ್ ಆದ ಹೆಣ್ಣನ್ನು ಹೇಗೆ ನೋಡಿಕೊಳ್ಳಬೇಕು ಎನ್ನುವುದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅವಳಿಗೆ ಗೊತ್ತಿದ್ದ ಕ್ರಮ ಒಂದೇ, ಬಾಣಂತನ. ನನ್ನ ತಲೆಗೆ ಹಳೇ ಸೀರೆಯ ತುಂಡು ಕಟ್ಟಿದಳು. ಏಪ್ರಿಲ್ ತಿಂಗಳ ಗೋವಾದ ಬೆವರಿನಲ್ಲಿ ಫ್ಯಾನ್ ಬಂದ್ ಮಾಡಿದಳು. ಬಾಣಂತಿ ಒಲೆಯ ಮುಂದೆ ಸುಳಿಯಬಾರದು ಎಂದು ಎರಡು ಕೋಣೆಯ ಮನೆಯಲ್ಲಿ ಸೀರೆಯ ಪರದೆ ಕಟ್ಟಿ ನನ್ನನ್ನು ಈ ಕಡೆ ಕೂರಿಸಿದಳು. ಪಕ್ಕದ ಮನೆಯ ಕಾಕು ಪರದೆ ಸರಿಸಿ ನೋಡಿ, “ಏನವಾ, ಮದವಿ ಆಗೂಕಿಂತ ಮದಲ ಬಾಣಂತನಾ ಮುಗಿಸಾಕತ್ತೀಯಲ್ಲ,” ಎಂದಳು.

“ಕೂಸು ಎಲ್ಲಿ ಅಂತ ಕೇಳಬ್ಯಾಡ ಕಾಕು,” ಎಂದೆ. “ಡಾಕ್ಟರು ಹೊಟ್ಟಿ ಕತ್ತರಿಸಿ ಅಲ್ಲೇ ಇಟ್ಟುಕೊಂಡಾರ.”

ನೀರಿನ ವಿಷಯದಲ್ಲಿ ಮಾತ್ರ ನಾನು ಜಗಳವಾಡಿ ಗೆದ್ದೆ. ಬಾಣಂತಿಗೆ ನೀರು ಹೆಚ್ಚು ಕೊಡಬಾರದು ಎಂದು ಅವ್ವ, ದಿನವಿಡೀ ಗುಟುಕು ಗುಟುಕಾಗಿ ಕುಡಿಯಲೇಬೇಕು ಎಂದು ಆಸ್ಪತ್ರೆ. ಆಹಾರತಜ್ಞೆಗೆ ಫೋನ್ ಹಚ್ಚಿ ಅವ್ವನ ಕೈಗೆ ಕೊಟ್ಟೆ. ಆಕೆ ಹಿಂದಿಯಲ್ಲಿ ಏನು ಹೇಳಿದಳೋ, ಅಂದಿನಿಂದ ತಂಬಿಗೆ ನನ್ನ ತಲೆದಿಂಬಿನ ಪಕ್ಕದಲ್ಲೇ ಇರತೊಡಗಿತು. ಫ್ಯಾನೂ ತಿರುಗಿತು.

ಊಟದ ವಿಷಯದಲ್ಲಿ ಜಗಳವಾಡಬೇಕೆಂದು ನನಗೆ ಹೊಳೆಯಲೇ ಇಲ್ಲ. ಬಾಣಂತಿಗೆ ನಮ್ಮ ಕಡೆ ಕೊಡುವುದು ಬೇಳೆಯ ಕಟ್ಟು. ತೊಗರಿಬೇಳೆ ಮೆತ್ತಗೆ ಬೇಯಿಸಿ, ನೀರು ಬಸಿದುಕೊಂಡು, ಆ ನೀರಿಗೆ ಬೆಳ್ಳುಳ್ಳಿ, ಮೆಣಸು, ಜೀರಿಗೆ ಜಜ್ಜಿ ಹಾಕಿ ಕುದಿಸುತ್ತಾರೆ. ಹೋಳಿಗೆಯ ದಿನ ಸಾರು ಮಾಡುವುದೂ ಅದರಿಂದಲೇ. “ಬ್ಯಾಳಿ ಜೀವಾ ಎಲ್ಲಾ ಕಟ್ಟಿನ್ಯಾಗ ಇಳೀತೈತಿ, ಉಳಿದದ್ದು ಬರೇ ಹೊಟ್ಟು,” ಎನ್ನುತ್ತಿದ್ದಳು ಅವ್ವ. ಮೊದಲ ಎರಡು ವಾರ ಆಸ್ಪತ್ರೆಯವರು ಹೇಳಿದ್ದೂ ತೆಳ್ಳಗಿನದ್ದನ್ನೇ ಕುಡಿಯಬೇಕು ಎಂದು. ಹಾಗಾಗಿ ಅವ್ವನ ಕಟ್ಟಿಗೂ ಡಾಕ್ಟರರ ಮಾತಿಗೂ ಭೇದವೇ ಕಾಣಲಿಲ್ಲ. ಎರಡು ವಾರ ಕಳೆದ ಮೇಲೆ ಬೇಳೆಯನ್ನು ಅರೆದು ಗಟ್ಟಿಯಾಗಿ ತಿನ್ನಬೇಕಿತ್ತು. ನಾನು ಹೇಳಿದೆ, ಅವ್ವ ಹೂಂ ಎಂದಳು. ಬಟ್ಟಲಿನಲ್ಲಿ ಬಂದದ್ದು ಮೊದಲಿಗಿಂತ ಸ್ವಲ್ಪ ಮಂದವಾಗಿತ್ತು, ಅಷ್ಟೇ. ಹಳದಿ ಬಣ್ಣ, ಬೇಳೆಯ ಘಮ, ದಿನಕ್ಕೆ ನಾಲ್ಕೈದು ಬಟ್ಟಲು. ಪ್ರೋಟೀನ್ ಹೋಗುತ್ತಿದೆ ಎಂದು ನಾನು ನೆಮ್ಮದಿಯಾಗಿದ್ದೆ.

ಆಸ್ಪತ್ರೆಯಲ್ಲಿ ಪ್ರೋಟೀನ್ ಪುಡಿಯ ಡಬ್ಬಿಯನ್ನೂ ಕೊಟ್ಟಿದ್ದರು. ತಣ್ಣೀರಿನಲ್ಲಿ ಕಲಸಿ ಕುಡಿದರೆ ಅದರ ಸಿಹಿ ವಾಸನೆಗೆ ಅರ್ಧ ಲೋಟ ಹಾಗೆಯೇ ಬಿಡುತ್ತಿದ್ದೆ. ಅವ್ವ ಅದನ್ನು ತನ್ನ ಸುಪರ್ದಿಗೆ ತೆಗೆದುಕೊಂಡಳು. ಮೂರು ದಿನದಲ್ಲಿ ಪುಡಿಯ ರುಚಿ ಎಷ್ಟೋ ಸುಧಾರಿಸಿತು. ಏಲಕ್ಕಿಯ ವಾಸನೆಯ ತೆಳು ಹಾಲು, ಕುಡಿದದ್ದೇ ಗೊತ್ತಾಗುತ್ತಿರಲಿಲ್ಲ.

“ಏನ ಮಾಡ್ತೀ ಇದಕ್ಕ?” ಎಂದು ಕೇಳಿದೆ.

“ನಿನಗ್ಯಾಕ ಅದೆಲ್ಲಾ? ಕುಡಿ.”

ಎರಡು ತಿಂಗಳು ಕಳೆಯಿತು. ತೂಕ ಇಳಿಯುತ್ತಿತ್ತು. ಸಕ್ಕರೆ ತಹಬಂದಿಗೆ ಬಂತು. ಬಂದವರೆಲ್ಲ ಮುಖ ಸಣ್ಣಗಾಯಿತು, ಚಲೋ ಕಾಣಿಸುತ್ತೀ ಎನ್ನುವವರೇ. ಆದರೆ ಕಾಲಲ್ಲಿ ಕಸುವಿರಲಿಲ್ಲ. ಎದ್ದು ನಿಂತರೆ ಕಣ್ಣು ಕತ್ತಲೆ. ತಲೆ ಬಾಚಿದರೆ ಹಣಿಗೆಯ ತುಂಬ ಕೂದಲು. ಆಪರೇಷನ್ ಆದವರಿಗೆ ಸ್ವಲ್ಪ ಕೂದಲು ಉದುರುವುದುಂಟು ಎಂದು ಹೇಳಿದ್ದರು, ಆದರೆ ಇದು ಸ್ವಲ್ಪವಲ್ಲ. ಅವ್ವ ಅದನ್ನು ಆರಿಸಿ ಉಂಡೆ ಕಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಇಡುತ್ತಿದ್ದಳು. ಕೂದಲಿಗೆ ಬದಲಾಗಿ ಸ್ಟೀಲ್ ಪಾತ್ರೆ ಕೊಡುವವಳು ನಮ್ಮ ಬೀದಿಗೆ ಬರುತ್ತಾಳೆ.

“ಹಿಂಗ ಉದರಿದ್ರ ಈ ಸಲಾ ದೊಡ್ಡ ಪಾತೇಲಿನ ಬರ್ತೈತಿ,” ಎಂದು ನಗಲು ನೋಡಿದಳು. ಅವಳ ಕಣ್ಣು ನಗಲಿಲ್ಲ.

ಅದೇ ಸ್ಥಿತಿಯಲ್ಲಿ ನಾನು ರಕ್ತ ಪರೀಕ್ಷೆಯ ವರದಿ ಹಿಡಿದುಕೊಂಡು ಸರ್ಟಿಫಿಕೇಟಿಗೆಂದು ಕೊರ್ಲಿಮ್‌ಗೆ ಹೋದೆ. ಕಂಪನಿ ಡಾಕ್ಟರರ ಕೋಣೆ ಮೊದಲ ಮಹಡಿಯಲ್ಲಿ. ಅರ್ಧ ಮೆಟ್ಟಿಲು ಹತ್ತಿ ಅಲ್ಲೇ ಕುಳಿತುಬಿಟ್ಟೆ. ಗೇಟಿನ ಸೆಕ್ಯುರಿಟಿ ಹೆಂಗಸು ಬಂದು ತೋಳು ಹಿಡಿದು ಮೇಲೆ ಕರೆದೊಯ್ದಳು. ಡಾಕ್ಟರು ಗೋವಾದವರು, ವಯಸ್ಸಾದವರು, ಅವಸರದ ಮನುಷ್ಯರಲ್ಲ. ನನ್ನ ಕೆಳರೆಪ್ಪೆ ಎಳೆದು ನೋಡಿದರು. ಪಾದದ ಮೇಲೆ ಬೆರಳು ಒತ್ತಿ ನೋಡಿದರು. ಒತ್ತಿದ ಕಡೆ ತಗ್ಗು ಹಾಗೆಯೇ ಉಳಿಯಿತು. ರಕ್ತದ ವರದಿ ಓದಿ ಕನ್ನಡಕ ತೆಗೆದರು.

“ನಿನ್ನ ಮೈಯಲ್ಲಿ ಪ್ರೋಟೀನ್ ತೀರ ಕಡಿಮೆಯಾಗಿದೆ. ಕೊಬ್ಬಿನ ಜೊತೆಗೆ ಮಾಂಸಖಂಡವೂ ಕರಗುತ್ತಿದೆ. ಏನು ತಿನ್ನುತ್ತೀ?”

“ಬೇಳೆ ಸರ್. ದಿನಕ್ಕೆ ನಾಲ್ಕೈದು ಬಟ್ಟಲು. ಪುಡಿಯ ಹಾಲು, ಎರಡು ಸಲ.”

ಅವರು ಒಮ್ಮೆ ನನ್ನನ್ನು, ಒಮ್ಮೆ ವರದಿಯನ್ನು ನೋಡಿದರು. ಹಾಗೆ ತಿಂದವರ ರಕ್ತ ಹೀಗಿರುವುದಿಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಆಪರೇಷನ್ ಮಾಡಿದವರಿಗೆ ಇವತ್ತೇ ತೋರಿಸು ಎಂದು ಚೀಟಿ ಬರೆದರು. ಸರ್ಟಿಫಿಕೇಟ್ ಬರೆಯಲಿಲ್ಲ. ಕಾಂಟ್ರಾಕ್ಟ್ ಮುಗಿಯುವ ಮೊದಲು ಇನ್ನೊಂದು ಸಲ ಬಾ, ಆಗಲೂ ಹೀಗೇ ಇದ್ದರೆ ನಾನು ಸಹಿ ಮಾಡುವುದಿಲ್ಲ ಎಂದರು. ದೊಡ್ಡ ಆಸ್ಪತ್ರೆಯಲ್ಲಿ ಮತ್ತೆಲ್ಲ ಪರೀಕ್ಷೆ ಮಾಡಿದರು. ಹೊಲಿಗೆ ಸರಿಯಾಗಿದೆ, ಸೋರಿಕೆಯಿಲ್ಲ, ಕರುಳು ಹೀರಿಕೊಳ್ಳುತ್ತಿದೆ. ಹಾಗಾದರೆ ತಿಂದದ್ದು ಎಲ್ಲಿಗೆ ಹೋಗುತ್ತಿದೆ?

ಅದು ಎಲ್ಲಿಗೆ ಹೋಗುತ್ತಿದೆ ಎನ್ನುವುದು ಗೊತ್ತಾಗಿದ್ದು ತಮ್ಮನಿಂದ. ಅವನು ಕೆಪೆಯ ಕಡೆ ಹೊಸ ಕಟ್ಟಡಗಳ ವೈರಿಂಗ್ ಕೆಲಸಕ್ಕೆ ಹೋಗುತ್ತಾನೆ. ಒಂದು ಭಾನುವಾರ ಪ್ಯಾಂಟಿನ ಗುಂಡಿ ಹಾಕಲು ಹೆಣಗುತ್ತ ನಿಂತಿದ್ದ.

“ಅಕ್ಕಾ, ನೀ ಸಣ್ಣಗ ಆಗಾಕತ್ತಿ, ನಾ ಉಬ್ಬಾಕತ್ತೇನಿ. ಡಾಕ್ಟರು ನಿನ್ನ ಹೊಟ್ಟಿ ತಗದು ನನಗ ಹಚ್ಯಾರೇನು?”

“ಏನ ತಿನ್ನಾಕತ್ತಿ ಅಷ್ಟ?”

“ದಿನಾ ಡಬ್ಬ್ಯಾಗ ಬ್ಯಾಳಿ ಪಲ್ಯ. ಗಟ್ಟಿ ಬ್ಯಾಳಿ, ಒಗ್ಗರಣಿ ಹಾಕಿದ್ದು. ಮ್ಯಾಲ ಆ ಹಾಲಿನ ಗಂಟು, ಬೆಲ್ಲಾ ಹಾಕಿ ಕೊಡ್ತಾಳ. ಚಲೋ ಇರ್ತೈತಿ ಅದು, ಖವಾ ಇದ್ದಂಗ.”

ನಾನು ಪರದೆ ಸರಿಸಿ ಒಲೆಯ ಕಡೆ ಹೋದೆ. ಅವ್ವ ಆಗತಾನೆ ಬೇಳೆ ಬಸಿದಿದ್ದಳು. ಒಂದು ಕಡೆ ಪಾತ್ರೆಯಲ್ಲಿ ಹಳದಿ ನೀರು. ಇನ್ನೊಂದು ಕಡೆ ಜರಡಿಯಲ್ಲಿ ಹಬೆಯಾಡುವ ಬೇಳೆಯ ಗುಡ್ಡೆ. ಪಕ್ಕದಲ್ಲಿ ನನ್ನ ಪುಡಿಯ ಹಾಲು. ಕುದಿಯುವ ಹಾಲಿಗೆ ಪುಡಿ ಹಾಕಿದ್ದರಿಂದ ಗಂಟುಗಂಟಾಗಿ ಒಡೆದಿತ್ತು. ಅವ್ವ ಅದನ್ನು ಚಹಾ ಸೋಸುವ ಜಾಳಿಗೆಯಲ್ಲಿ ಸೋಸಿ, ತಿಳಿಯನ್ನು ನನ್ನ ಲೋಟಕ್ಕೆ ಹಾಕುತ್ತಿದ್ದಳು. ಗಂಟು ತಮ್ಮನಿಗೆ.

“ಯವ್ವಾ, ಗಟ್ಟೀದೆಲ್ಲಾ ಅವಂಗ ಕೊಡ್ತೀಯೇನಬೇ?”

“ಮತ್ತ ನಿನಗ ಹೆಂಗ ಕೊಡ್ಲಿ? ಹಸೀ ಹೊಟ್ಟಿ. ಸಾರಾ ನಿನಗ ಕೊಟ್ಟು, ಉಳಿದ ಚರಟಾ ಅವಂಗ ಹಾಕ್ತೇನಿ. ಅವಂದೇನು, ಕಲ್ಲ ತಿಂದ್ರೂ ಕರಗಿಸ್ತಾನ.”

ಅವಳು ಅದನ್ನು ಪ್ರೀತಿಯಿಂದಲೇ ಹೇಳಿದಳು. ಪ್ರೋಟೀನೆಲ್ಲ ಗಟ್ಟಿಯದರಲ್ಲೇ ಇರುತ್ತದೆ ಎಂದು ಬಾಯಿಮಾತಿನಲ್ಲಿ ಹೇಳಿದರೆ ಅವಳು ನಂಬುವವಳಲ್ಲ. ಅವಳ ಅವ್ವ, ಅವಳ ಅತ್ತೆ, ಓಣಿಯ ಅಷ್ಟೂ ಹಿರಿಯರು ಕಟ್ಟಿನ ಕಡೆಯವರು. ನನ್ನ ಕಡೆ ಇದ್ದದ್ದು ಡಿಗ್ರಿ ಒಂದೇ. ಸರಿ, ಅದನ್ನೇ ಒಲೆಯ ಮೇಲೆ ಇಟ್ಟೆ.

ಉಪ್ಪು, ಮಸಾಲೆ ಹಾಕುವ ಮೊದಲೇ ಒಂದು ಬಟ್ಟಲು ಕಟ್ಟನ್ನು ಸಣ್ಣ ಬಾಣಲೆಗೆ ಸುರಿದು ಸಣ್ಣ ಉರಿಯಲ್ಲಿ ಕುದಿಸಲು ಬಿಟ್ಟೆ. ಅದರ ಪಕ್ಕದಲ್ಲಿ ಅದೇ ಬಟ್ಟಲಿನ ತುಂಬ ಬಸಿದ ಬೇಳೆ ತುಂಬಿ ಇಟ್ಟೆ. ಅಷ್ಟರಲ್ಲಿ ಕಾಕು ಬಂದಳು.

“ಏನ ಮಾಡಾಕತ್ತಾಳ ಇಕಿ? ಬಾಣಂತಿ ಒಲಿ ಮುಂದ ಬಂದಾಳಲ್ಲ?”

“ಡಿಗ್ರಿ ಓದ್ಯಾಳಲ್ಲಾ,” ಎಂದಳು ಅವ್ವ. “ನೀರ ಸುಡಾಕತ್ತಾಳ.”

ನೀರು ಬತ್ತುವವರೆಗೆ ಮೂವರೂ ನೋಡುತ್ತ ನಿಂತೆವು. ತಮ್ಮ ಗುಂಡಿ ಬಿಚ್ಚಿಕೊಂಡೇ ಬಂದು ನಾಲ್ಕನೆಯವನಾಗಿ ನಿಂತ. ಬಾಣಲೆಯ ತಳದಲ್ಲಿ ಹಳದಿ ಪೊರೆಯೊಂದು ಉಳಿಯಿತು. ಚಮಚದಿಂದ ಕೆರೆದು ತೆಗೆದೆ. ಅರ್ಧ ಚಮಚವೂ ತುಂಬಲಿಲ್ಲ. ಅದನ್ನು ಬೇಳೆ ತುಂಬಿದ ಬಟ್ಟಲಿನ ಪಕ್ಕದಲ್ಲಿ ಇಟ್ಟೆ.

“ಕಟ್ಟಿನ್ಯಾಗಿಂದು ಇಷ್ಟ,” ಎಂದೆ. “ಉಳಿದದ್ದೆಲ್ಲಾ ಆವಿ ಆಗಿ ಹೋತು.”

ಕಾಕು ಬಗ್ಗಿ ನೋಡಿ, “ಸುಟ್ಟದ್ದಕ್ಕ ಕಡಿಮಿ ಆಗಿರಬೇಕು,” ಎಂದಳು. ಅವ್ವ ಮುಂದೆ ಬಂದಳು. ಚಮಚವನ್ನು ಎತ್ತಿ, ನಾಲಿಗೆಗೆ ಹಚ್ಚಿ ನೋಡಿದಳು. ಬಟ್ಟಲಿನ ಬೇಳೆಯನ್ನು ಬೆರಳಿನಿಂದ ಒತ್ತಿದಳು. ಆಮೇಲೆ ಕೇಳಿದಳು:

“ಹಂಗಾರ ನೀ ಹುಟ್ಟಿದಾಗ ನಮ್ಮವ್ವ ನನಗ ಕೊಟ್ಟದ್ದೂ ಇದನ ಅಲ್ಲ?”

“ಹೂಂ.”

“ಗಟ್ಟಿ ಆವಾಗ ನಿಮ್ಮಪ್ಪಗ ಹೋಗ್ತಿತ್ತು.” ಬೇಳೆಯ ಬಟ್ಟಲನ್ನು ನನ್ನ ಕಡೆ ಸರಿಸಿ, “ಅವನೂ ಮೂಟೆ ಹೊರಾಂವ. ಬೇಕಾಗಿತ್ತು ಅವಂಗೂ,” ಎಂದಳು.

ಅವತ್ತು ಸಂಜೆ ನನ್ನ ತಲೆಯ ಸೀರೆಯ ತುಂಡನ್ನು ಅವಳೇ ಬಿಚ್ಚಿದಳು. ಪರದೆಯನ್ನೂ ತೆಗೆದಳು.

ಅಲ್ಲಿಂದ ಮುಂದಿನದು ಸುಲಭವಾಯಿತು ಎಂದೇನಲ್ಲ. ನಮ್ಮ ಕಡೆ ಊಟ ಎಂದರೆ ರೊಟ್ಟಿ. ಮಿಕ್ಕಿದ್ದೆಲ್ಲ, ಅದು ಕಾಳಿನ ಪಲ್ಯವಿರಲಿ, ಮೊಸರಿರಲಿ, ಜುಣಕವಿರಲಿ, ರೊಟ್ಟಿಗೆ ಹಚ್ಚಿಕೊಳ್ಳಲು ಇರುವುದು. ಆಹಾರತಜ್ಞೆ ಇದನ್ನು ತಲೆಕೆಳಗು ಮಾಡಿದ್ದಳು. ಮೊದಲು ಕಾಳು, ಬೇಳೆ, ಮೊಸರು. ಆಮೇಲೆ ತರಕಾರಿ. ಜಾಗ ಉಳಿದರೆ ರೊಟ್ಟಿಯ ಚೂರು. ಉಣ್ಣುವಾಗ ನೀರು ಇಲ್ಲ, ಉಂಡ ಮೇಲೆ ಅರ್ಧ ತಾಸು ಬಿಟ್ಟು ಕುಡಿಯಬೇಕು. ಜೋಳದ ರೊಟ್ಟಿಯನ್ನು ತಾಟಿನ ಅಂಚಿಗೆ ಸರಿಸಿ ಬರೀ ಪಲ್ಯ ತಿನ್ನುವುದನ್ನು ನೋಡಲು ಅವ್ವನಿಗೆ ಆಗುತ್ತಿರಲಿಲ್ಲ. ಮೊದಮೊದಲು ಅವಳು ಬೇರೆ ಕಡೆ ಮುಖ ತಿರುಗಿಸಿ ಕೂರುತ್ತಿದ್ದಳು. ನನಗೂ ಕಷ್ಟವೇ ಆಗುತ್ತಿತ್ತು. ಒಂದು ದಿನ ಬಿಸಿ ರೊಟ್ಟಿಯ ವಾಸನೆ ತಡೆಯಲಾರದೆ ಕಾಲು ಭಾಗ ಗಬಗಬ ತಿಂದೆ. ಎದೆಯ ನಡುವೆ ಗೂಟ ಹೊಡೆದಂತೆ ಸಿಕ್ಕಿಕೊಂಡಿತು. ಬಚ್ಚಲಲ್ಲಿ ಬಗ್ಗಿ ನಿಂತು ಕಣ್ಣಲ್ಲಿ ನೀರು ಬರುವವರೆಗೆ ವಾಂತಿ ಮಾಡಿದೆ. ಅವ್ವ ಬೆನ್ನು ಸವರುತ್ತ, “ರೊಟ್ಟಿ ಎಲ್ಲಿಗೂ ಓಡಿ ಹೋಗಾಂಗಿಲ್ಲ. ಮುಂದ ತಿಂದೀಯಂತ,” ಎಂದಳು. ಆಮೇಲೆ ಕೆಲವು ದಿನ ಮನೆಯಲ್ಲಿ ರೊಟ್ಟಿಯನ್ನೇ ಬಡಿಯಲಿಲ್ಲ. ತಮ್ಮನಿಗೆ ಅಂಗಡಿಯ ಪಾವ್ ಗತಿಯಾಯಿತು.

ಅಡುಗೆಯ ದಾರಿ ಹುಡುಕಿದ್ದು ಅವ್ವನೇ. ಗಟ್ಟಿಯದು ಬೇಕು, ಆದರೆ ಮೆತ್ತಗಿರಬೇಕು, ಸ್ವಲ್ಪದರಲ್ಲಿ ಹೆಚ್ಚು ಇರಬೇಕು ಎಂದು ನಾನು ಹೇಳಿದ್ದಷ್ಟೇ. ಕಡಲೆಹಿಟ್ಟಿನ ಜುಣಕದ ವಡಿಯನ್ನು ಎಣ್ಣೆ ತಗ್ಗಿಸಿ ಮೆತ್ತಗೆ ಮಾಡಿದಳು. ಮೊಸರನ್ನು ಅರಿವೆಯಲ್ಲಿ ಕಟ್ಟಿ ಕಿಟಕಿಯ ಸರಳಿಗೆ ನೇತುಹಾಕಿ, ನೀರು ಇಳಿದ ಮೇಲೆ ಉಳಿದ ಚಕ್ಕಾಕ್ಕೆ ಸಕ್ಕರೆಯ ಬದಲು ಉಪ್ಪು, ಜೀರಿಗೆ ಬೆರೆಸಿದಳು. ಮಡಕಿಕಾಳು ಮೊಳಕೆ ಬರಿಸಿ ಬೇಯಿಸಿ ಅರ್ಧ ಅರೆದಳು. ಹುರಿಗಡಲೆಯ ಪುಠಾಣಿ ಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿದಳು. ಸೋಯಾ ತುಂಡನ್ನು ಮೊದಲ ಸಲ ನೆನೆಹಾಕಿದಾಗ, “ಇದೇನ, ಗಾದಿ ಒಳಗಿನ ಸ್ಪಂಜ್ ಇದ್ದಂಗ ಐತಿ,” ಎಂದು ಹಿಂಡಿ ಹಿಂಡಿ ನೋಡಿದಳು. ಆದರೂ ಖಾರ ರುಬ್ಬಿ ಹಾಕಿ ಅದನ್ನೂ ತಿನ್ನುವ ಹಾಗೆ ಮಾಡಿದಳು. ಪ್ರೋಟೀನ್ ಪುಡಿಯನ್ನು ಮಾತ್ರ ಇನ್ನು ತಣ್ಣಗಿನದರಲ್ಲೇ ಬೆರೆಸಬೇಕು ಎಂದಾಯಿತು. ಮಜ್ಜಿಗೆಯಲ್ಲಿ ಅದರ ಸಿಹಿ ಇನ್ನೂ ವಿಚಿತ್ರವಾಗುತ್ತಿತ್ತು. ಮೂಗು ಮುಚ್ಚಿಕೊಂಡು ಕುಡಿದೆ.

ಉಣ್ಣುವುದೇ ಒಂದು ಉದ್ಯೋಗವಾಯಿತು. ಚಹಾ ಚಮಚದಲ್ಲಿ ತುಸುತುಸು, ನುಣ್ಣಗೆ ಅಗಿದು, ತಡೆದು, ಮತ್ತೊಂದು ಚಮಚ. “ನೀ ಉಣ್ಣಾಕ ಕುಂತಾಗ ನಾ ಹೊರಟ್ರ ವಾಸ್ಕೋ ಮುಟ್ಟಿ, ಸಂತಿ ಮಾಡಿಕೊಂಡು, ಮನಿಗೆ ಬಂದಿರ್ತೇನಿ,” ಎನ್ನುತ್ತಿದ್ದ ತಮ್ಮ.

ಈ ನಡುವೆ ಅತ್ತೆ ಮತ್ತೆ ಬಂದಳು. ಊಟದ ಹೊತ್ತು. ನನ್ನ ತಾಟಿನಲ್ಲಿ ಮಡಕಿಕಾಳು, ಚಕ್ಕಾ, ಎರಡು ತುಂಡು ಪನೀರು. ರೊಟ್ಟಿ ಇಲ್ಲ. ಅತ್ತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

“ಹಚ್ಚಿಕೊಳ್ಳೂದನ ಊಟ ಆತೇನ ಇಕಿಗೆ? ರೊಟ್ಟಿ ಬಿಟ್ಟಾಕಿ ಮೈ ಹಿಡಿದದ್ದು ನಾ ಎಲ್ಲೂ ನೋಡಿಲ್ಲ. ವೈನಿ, ನೀನರ ಹೇಳಬಾರದೇನ? ಕಟ್ಟು ಕೊಡೂದ ಯಾಕ ಬಿಟ್ಟಿ?”

ನಾನು ಬಾಯಲ್ಲಿದ್ದದ್ದನ್ನು ಅಗಿಯುತ್ತಿದ್ದೆ. ಅಗಿಯುವಾಗ ಮಾತಾಡುವಂತಿಲ್ಲ. ಅವ್ವ ಅತ್ತೆಯ ಮುಂದೆ ತಾಟು ಇಟ್ಟು, ಅದರ ನಡುವೆ ಒಂದು ಬಟ್ಟಲು ಕಟ್ಟನ್ನು ಮಾತ್ರ ಇಟ್ಟಳು.

“ತಗೋ. ಬ್ಯಾಳಿ ಜೀವಾ ಎಲ್ಲಾ ಇದರಾಗ ಐತಿ. ಕುಡದು, ಇಲ್ಲಿಂದ ನಡಕೋಂತ ಬಿರ್ಲಾ ಸ್ಟಾಪಿನ ತನಕಾ ಹೋಗು ನೋಡೂಣು.”

“ಯವ್ವಾ, ಚ್ಯಾಷ್ಟಿ ಮಾಡ್ತೀಯೇನ?”

“ಇಲ್ಲವಾ. ನಾ ಎರಡ ತಿಂಗಳ ಇದನ ಕೊಟ್ಟು ಮಗಳನ್ನ ಕೂಡ್ರಿಸಿ ಬಿಟ್ಟಿದ್ದೆ. ಅದಕ್ಕ ಹೇಳ್ತೇನಿ.”

ಅತ್ತೆ ಆಮೇಲೆ ರೊಟ್ಟಿ, ಪಲ್ಯ, ಅನ್ನ ಎಲ್ಲ ಉಂಡೇ ಹೋದಳು. ಅವ್ವ ಅಂಥ ವಿಷಯದಲ್ಲಿ ಯಾರನ್ನೂ ಬರಿಹೊಟ್ಟೆಯಲ್ಲಿ ಕಳಿಸುವವಳಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿ, “ಬಣ್ಣಾ ಏನೋ ಸ್ವಲ್ಪ ಬಂದೈತಿ,” ಎಂದಳು. ಅಷ್ಟು ಹೇಳಿದ್ದೇ ದೊಡ್ಡದು.

ಬಣ್ಣ ಬಂದದ್ದು ನಿಜ. ಮೊದಲು ಪಾದದ ಬಾವು ಇಳಿಯಿತು. ಆಮೇಲೆ ನಳದಿಂದ ಅರ್ಧ ಕೊಡ ನೀರು ಹೊತ್ತು ತಂದೆ, ಅವ್ವ ಕೊಡವನ್ನು ಕಸಿದುಕೊಂಡು ಬೈದಳು, ಮರುದಿನ ಕಸಿದುಕೊಳ್ಳಲಿಲ್ಲ. ದಿಬ್ಬದ ಮೇಲಿನ ಅಂಗಡಿಯವರೆಗೆ ನಿಲ್ಲದೆ ಹೋಗಿ ಬಂದೆ. ಕೂದಲು ಇನ್ನೂ ಉದುರುತ್ತಿತ್ತು. ಅದು ನಿಲ್ಲಲು ತಿಂಗಳುಗಳು ಬೇಕು ಎಂದು ಆಹಾರತಜ್ಞೆ ಮೊದಲೇ ಹೇಳಿದ್ದಳು. ಅವಳಿಗೆ ಕಟ್ಟಿನ ಕಥೆ ಹೇಳಿದಾಗ ಮೊದಲು ನಕ್ಕಳು, ಆಮೇಲೆ ಗಂಭೀರಳಾಗಿ, ತಟ್ಟೆಯಲ್ಲಿ ಏನಿದೆ ಎಂದು ಕೇಳುತ್ತೇನೆ, ಅಡುಗೆಮನೆಯಲ್ಲಿ ಏನು ಉಳಿಯಿತು ಎಂದು ಕೇಳುವುದಿಲ್ಲ, ಇನ್ನು ಮುಂದೆ ಕೇಳಬೇಕು ಎಂದಳು. ಮೀನಿನ ಮಾತನ್ನು ಮತ್ತೆ ಎತ್ತಲಿಲ್ಲ. ಅದನ್ನು ಬಿಟ್ಟರೆ ಬೇರೆ ಏನು ತಿನ್ನಬಹುದು ಎಂದು ಅವಳೂ ನನ್ನ ಜೊತೆ ಕುಳಿತು ಲೆಕ್ಕ ಹಾಕಿದಳು. ಗೋವಾದವರ ಒಣ ಬಟಾಣಿಯ ಭಾಜಿಯನ್ನು ಸೇರಿಸಿದವಳು ಅವಳೇ.

ಕಾಂಟ್ರಾಕ್ಟ್ ಮುಗಿಯಲು ಕೆಲವೇ ದಿನಗಳಿದ್ದಾಗ ಮತ್ತೆ ರಕ್ತ ಕೊಟ್ಟೆ. ವರದಿ ತೆಗೆದುಕೊಂಡು ಕೊರ್ಲಿಮ್‌ಗೆ ಹೊರಟಾಗ ಅವ್ವನೂ ಜೊತೆಗೆ ಬಂದಳು. ದಾರಿಯಲ್ಲಿ ತಲೆ ಸುತ್ತಿ ಬಿದ್ದರೆ ಎಂದು ಅವಳ ಹೆದರಿಕೆ. ಬಸ್ಸಿನಲ್ಲಿ ಸೀಟು ಸಿಕ್ಕಿದ್ದು ಅವಳಿಗೆ. ನಾನು ಝುವಾರಿ ಸೇತುವೆ ದಾಟುವವರೆಗೆ ಕಂಬ ಹಿಡಿದು ನಿಂತೇ ಇದ್ದೆ. ಅವಳು ನನ್ನ ಕಾಲುಗಳನ್ನೇ ನೋಡುತ್ತಿದ್ದಳು. ಪಣಜಿಯಲ್ಲಿ ಬಸ್ಸು ಬದಲಿಸುವ ಮೊದಲು ಒಂದು ಹೋಟೆಲಿನಲ್ಲಿ ಭಾಜಿ ಕೇಳಿದೆ. “ಪಾವ್ ನಾಕಾ?” ಎಂದು ಹೋಟೆಲಿನವನು ಎರಡು ಸಲ ಕೇಳಿದ. ಪಾವ್ ಬೇಡ ಎಂದು ಅವನಿಗೆ ಒಪ್ಪಿಸಲು ಅವ್ವನೂ ಸೇರಿಕೊಳ್ಳಬೇಕಾಯಿತು.

ಡಾಕ್ಟರರ ಕೋಣೆಗೆ ಮೆಟ್ಟಿಲು ಹತ್ತಿದೆ. ಹಿಂದಿನ ಸಲ ಕುಳಿತ ಜಾಗ ಯಾವುದೆಂದು ನೋಡಲಿಲ್ಲ. ಡಾಕ್ಟರು ಮತ್ತೆ ರೆಪ್ಪೆ ಎಳೆದರು, ಪಾದ ಒತ್ತಿದರು, ಕುರ್ಚಿಯಿಂದ ಕೈಯೂರದೆ ಎದ್ದು ಕೂರು ಎಂದರು. ಎದ್ದೆ, ಕುಳಿತೆ, ಅವರು ಸಾಕೆನ್ನುವವರೆಗೆ. ವರದಿಯನ್ನು ನಿಧಾನವಾಗಿ ಓದಿದರು. ಇನ್ನೂ ಸ್ವಲ್ಪ ಮೇಲೇರಬೇಕು, ಆದರೆ ಕೆಲಸಕ್ಕೆ ಅಡ್ಡಿಯಿಲ್ಲ ಎಂದರು. ಎರಡೆರಡು ತಾಸಿಗೊಮ್ಮೆ ಏನಾದರೂ ತಿನ್ನಲು ಬಿಡುವು ಕೊಡಬೇಕು ಎಂದು ತಾವಾಗಿಯೇ ಅದರಲ್ಲಿ ಬರೆದರು. ಮೂಲೆಯಲ್ಲಿ ನಿಂತಿದ್ದ ಅವ್ವನನ್ನು ಕಂಡು ಹಿಂದಿಯಲ್ಲಿ ಕೇಳಿದರು: “ಏನು ತಿನ್ನಿಸಿದಿರಿ ಮಗಳಿಗೆ?”

ಅವ್ವನ ಹಿಂದಿ ಗಾರೆ ಕೆಲಸದಲ್ಲಿ ಕಲಿತದ್ದು. “ದಾಲ್ ಸಾಬ್,” ಎಂದಳು. ಆಮೇಲೆ ಎರಡೂ ಕೈ ಬಿಗಿಯಾಗಿ ಮುಷ್ಟಿ ಕಟ್ಟಿ ತೋರಿಸಿ, “ಪಾನಿ ನಹಿ. ಗಟ್ಟಿ,” ಎಂದಳು.

ಡಾಕ್ಟರು ನಕ್ಕು, ಸಹಿ ಮಾಡಿ, ಮೊಹರು ಒತ್ತಿ, ಸರ್ಟಿಫಿಕೇಟನ್ನು ನನ್ನ ಕೈಗೆ ಕೊಟ್ಟರು. ಹೊರಗೆ ಬಂದು ಅದನ್ನು ಅವ್ವನ ಕೈಗಿಟ್ಟೆ. ಅವಳಿಗೆ ಓದಲು ಬರುವುದಿಲ್ಲ. ಮೊಹರಿನ ಮಸಿ ಆರಿದೆಯೇ ಎಂದು ನೋಡಿ, ಮಡಚದೆ ಹಾಗೆಯೇ ವಾಪಸು ಕೊಟ್ಟಳು.

“ನಾಳಿಂದ ನಾನೂ ಕೆಲಸಕ್ಕ ಹೊಕ್ಕೇನಿ ಮತ್ತ,” ಎಂದಳು. “ನಿನ್ನ ಡಬ್ಬಿ ನೀನ ಕಟ್ಟಿಕೊಂಡು ಹೋಗವಾ.”